ಉಣ್ಣೆ ಸುತ್ತಿದ ಚಮಚ

ಬಟ್ಟಲಿನ ಅಂಚಿನಲ್ಲಿ ಕಿಟಕಿಯ ಬೆಳಕು ಒಂದೆಳೆ ಬಂದು ನಿಂತಿತು, ಅವಳು ಒರೆಸುವ ಕೈಯನ್ನು ಅಲ್ಲೇ ತಡೆದಳು, ಇನ್ನೂ ಒರೆಸಿದರೆ ಸದ್ದಾದೀತು, ಕಂಚಲ್ಲವೇ, ಉಗುರು ತಾಗಿದರೂ ಗುಂಯ್ ಎನ್ನುತ್ತದೆ, ಈ ಮನೆಯಲ್ಲಿ ಸದ್ದು ಮಾಡಲು ಅಪ್ಪಣೆ ಇರುವುದು ಇದೊಂದಕ್ಕೇ, ಅದೂ ಕೂಟದಲ್ಲಿ ಮಾತ್ರ — ಒಳಗೆ ಅಣ್ಣ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ, ಜನ ಬರುವ ಹೊತ್ತಿಗೆ ಆ ಗಂಟಲು ಜೇನು ಸವರಿದಂತಿರಬೇಕು, ಬನ್ನಿ, ಕೂತ್ಕೊಳ್ಳಿ, ಎರಡೂ ಪಾದ ನೆಲಕ್ಕೆ ತಾಗಲಿ, ಉಸಿರು ಎಲ್ಲಿ ಸಿಕ್ಕಿಕೊಂಡಿದೆ ನೋಡ್ಕೊಳ್ಳಿ, ಅವಳಿಗೆ ಎಲ್ಲ ಬಾಯಿಪಾಠ, ಶಾಲೆಯಲ್ಲಿ ಕಲಿತ ಪದ್ಯ ಮರೆತುಹೋಗಿದೆ, ಇದು ಮರೆತಿಲ್ಲ — ಟ್ರೇ ಮೇಲೆ ಬಟ್ಟಲು, ಬಟ್ಟಲಿನ ಪಕ್ಕ ಬಿಳಿ ವಸ್ತ್ರ, ವಸ್ತ್ರದ ಕೆಳಗೆ ಬಟ್ಟಲು ಬಾರಿಸುವ ಮರದ ಕೋಲು, ಪ್ರತಿ ಸಲ ಹೀಗೆ ಜೋಡಿಸಿಡುವುದು ಅವಳ ಕೆಲಸ, ಇವತ್ತು ಕೋಲು ಅಲ್ಲಿಲ್ಲ, ಬಾಗಿಲ ಹಿಂದಿನ ಛತ್ರಿ ಡಬ್ಬದ ತಳ ಸೇರಿದೆ, ವಸ್ತ್ರದ ಕೆಳಗೆ ಮಲಗಿರುವುದು ಅಮ್ಮನ ಚಮಚ. ಏನೇ ಗುಬ್ಬಿ, ಇನ್ನೂ ಒರೆಸ್ತಾನೇ ಇದ್ದೀಯಾ, ಸವೆದು ಸವೆದು ಬಟ್ಟಲು ತಟ್ಟೆ ಆಗುತ್ತೆ ಅಷ್ಟೇ — ಅತ್ತಿಗೆ, ಎರಡು ಕೈ ತುಂಬ ದಿಂಬು, ಮೇಲಿನ ದಿಂಬಿನ ಮೇಲೆ ಗದ್ದ — ನಿಮ್ಮಣ್ಣ ಊರವರ ಮನಸ್ಸನ್ನೆಲ್ಲ ಓದ್ತಾರೆ, ನಿನ್ನದೊಂದು ಮಾತ್ರ ಅವರಿಗೂ ತಿಳಿಯಲ್ಲ ಕಣೇ, ಗುಮ್ಮನಗುಸಕಿ ನೀನು. ಅವಳು ನಕ್ಕಳು. ನಗುವುದೇನು ಕಷ್ಟ, ತುಟಿಯನ್ನು ಎರಡು ಕಡೆಗೆ ಎಳೆದರೆ ಆಯಿತು. ಓದಲಿ, ಇವತ್ತಾದರೂ ಓದಲಿ, ವಸ್ತ್ರ ಎತ್ತಿದರೆ ಸಾಕು.

ಇವತ್ತೇ ಏಕೆ ಎಂದರೆ ಇವತ್ತು ಮೇಡಂ ಬರುತ್ತಾರೆ, ಅಣ್ಣನಿಗೆ ಈ ವಿದ್ಯೆ ಕಲಿಸಿದವರು, ವಯಸ್ಸಾಯಿತು, ತಾವು ಕಟ್ಟಿದ ತರಬೇತಿ ಕೇಂದ್ರವನ್ನು ಯಾರ ಕೈಗೆ ಒಪ್ಪಿಸಲಿ ಎಂದು ಹುಡುಕುತ್ತಿದ್ದಾರಂತೆ, ಇವನ ಕೂಟವನ್ನು ಕಣ್ಣಾರೆ ನೋಡಿ ತೀರ್ಮಾನ ಮಾಡುತ್ತಾರಂತೆ, ತಟ್ಟೆಯ ಮುಂದೆ ಕೂತಾಗಲೂ ಅಣ್ಣನಿಗೆ ಅದೇ ಧ್ಯಾನ, ಅನ್ನಕ್ಕೆ ಉಪ್ಪು ಬಿದ್ದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅವನು ಮಾತ್ರೆ ಬರೆದುಕೊಡುವವನಲ್ಲ, ಡಾಕ್ಟ್ರೇ ಎಂದು ಕರೆದರೆ ಅಯ್ಯೋ ಡಾಕ್ಟರಲ್ಲ, ಜೊತೆಗಾರ ಅನ್ನಿ ಎನ್ನುತ್ತಾನೆ, ಕತ್ತು ನೋವೆಂದು ಬಂದವರ ಕತ್ತು ಮುಟ್ಟಿ ನೋಡುವುದಿಲ್ಲ, ಮನೇಲಿ ಯಾರ ಕಡೆ ತಿರುಗಿ ನೋಡೋಕೆ ಆಗ್ತಿಲ್ಲ ನಿಮಗೆ ಎಂದು ಕೇಳುತ್ತಾನೆ, ಹಾಗೆ ಕೇಳಿದಾಗ ಒಬ್ಬ ಹೆಂಗಸು ಬಾಯಿ ತೆರೆದು, ಮುಚ್ಚಿ, ಬಿಕ್ಕಿ ಬಿಕ್ಕಿ ಅತ್ತು ಮಗಳ ಹೆಸರು ಹೇಳಿದ್ದಳು, ಹೋಗುವಾಗ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಕತ್ತು ಹೊರಳಿಸಿ ಹುಡುಕಿದ್ದಳು, ಟೀ ಟ್ರೇ ಹಿಡಿದು ನಿಂತ ಗುಬ್ಬಿ ಕಣ್ಣಾರೆ ಕಂಡಿದ್ದಾಳೆ. ಮನಸ್ಸು ಬೇರೆ ಮೈ ಬೇರೆ ಅಲ್ಲ, ಮನುಷ್ಯನನ್ನ ಇಡಿಯಾಗಿ ನೋಡಬೇಕು, ನೋವು ಒಬ್ಬರ ಒಳಗೆ ಇರಲ್ಲ, ಇಬ್ಬರ ನಡುವೆ ಇರುತ್ತೆ, ವಾಸಿ ಮಾಡೋದು ಮಾತಲ್ಲ, ಸಂಬಂಧ — ಸುಳ್ಳಲ್ಲ, ಸುಡುವುದು ಅದೇ, ಸುಳ್ಳಾಗಿದ್ದರೆ ಎಂದೋ ಉಗಿದು ಹಗುರಾಗುತ್ತಿದ್ದಳು, ಅವನ ಕೈಯಲ್ಲಿ ಜನ ನಿಜವಾಗಿಯೂ ಗುಣವಾಗುತ್ತಾರೆ, ಊರಿಗೆ ಉಪಕಾರಿ, ಮನೆಗೆ? ಕೂಟದಲ್ಲಿ ಜನ ಕೂರುವ ವೃತ್ತದ ನಡುವೆ ಒಂದು ಕಬ್ಬಿಣದ ಮಡಚುವ ಕುರ್ಚಿ, ಇಲ್ಲದವರ ಕುರ್ಚಿ ಎಂದು ಅದರ ಹೆಸರು, ಸತ್ತವರು, ಬಿಟ್ಟುಹೋದವರು, ಮಾತು ಬಿಟ್ಟವರು, ಅವರ ಬದಲಿಗೆ ಬಂದವರಲ್ಲೇ ಯಾರಾದರೊಬ್ಬರು ಅದರಲ್ಲಿ ಕೂರುತ್ತಾರೆ, ನೊಂದವರು ಎದುರು ಕೂತು ಹೇಳದೆ ಉಳಿದದ್ದನ್ನು ಹೇಳುತ್ತಾರೆ. ಹಳೇ ಮನೆಯಿಂದ ಬಂದ ಕುರ್ಚಿ ಅದು. ಅಮ್ಮನ ಮಂಚದ ಪಕ್ಕ ಅದರಲ್ಲಿ ಕೂತು ಕೂತು ಗುಬ್ಬಿಯ ತೊಡೆಯ ಹಿಂದೆ ಕಂಬಿಯ ಬರೆ ಬೀಳುತ್ತಿತ್ತು.

ಅಮ್ಮ ಲಕ್ವ ಹೊಡೆದು ನೀರು ತುಂಬಿದ ಬಕೆಟ್ಟಿನ ಪಕ್ಕ ಬಿದ್ದಿದ್ದಳು, ಎಚ್ಚರವಾದಾಗ ಬಲಗೈ ಇಲ್ಲ, ಬಲಗಾಲು ಇಲ್ಲ, ಮಾತು ಇಲ್ಲ, ಕಣ್ಣು ಮಾತ್ರ ಇತ್ತು, ಅಪ್ಪ ಮೊದಲೇ ಹೋಗಿಯಾಗಿತ್ತು, ಹುಡುಗ ಕಾಲೇಜು ಓದಲಿ, ಹುಡುಗಿ ನೋಡ್ಕೊಳ್ಳಲಿ, ಇವಳು ಹೇಗೂ ಬಾಯಿ ಬಿಡಲ್ಲ, ಶಾಲೆಗೆ ಹೋದರೂ ಒಂದೇ ಬಿಟ್ಟರೂ ಒಂದೇ, ಚಿಕ್ಕಮ್ಮ ಹಾಗೆಂದು ಚೀಲ ಹಿಡಿದು ಬಸ್ಸು ಹತ್ತಿದಳು, ಏಳನೇ ಕ್ಲಾಸಿನ ಪುಸ್ತಕ ಅಟ್ಟ ಹತ್ತಿತು, ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಎಡಗೈಗೆ ಒಂದು ಚಮಚ ಕೊಟ್ಟವಳು ಗುಬ್ಬಿಯೇ. ಮಂಚದ ಕಬ್ಬಿಣದ ಕಂಬಿಗೆ ಟಣ್ ಎಂದು ಒಂದು ಹೊಡೆತ, ನೀರು, ಎರಡು ಹೊಡೆತ, ಮಗ್ಗುಲು ಬದಲಿಸು, ಮೂರು — ಮೂರಕ್ಕೆ ಅರ್ಥ ತಿಳಿಯಲು ಹೊತ್ತು ಬೇಕಾಯಿತು, ನೀರು ಬೇಡ, ಮಗ್ಗುಲು ಬೇಡ, ದೀಪ ಬೇಡ, ಮತ್ತೇನು ಬೇಕಮ್ಮಾ ಎಂದು ಸೋತು ಕುರ್ಚಿಯಲ್ಲಿ ಕುಸಿದಾಗ ಅಮ್ಮನ ಕಣ್ಣು ತಣ್ಣಗಾಯಿತು, ಓ ಇದೇ, ಏನೂ ಬೇಡ, ಸುಮ್ಮನೆ ಹತ್ತಿರ ಬಂದು ಕೂತಿರು, ಅಷ್ಟೇ. ಪಕ್ಕದ ಕೋಣೆಯಲ್ಲಿ ಅಣ್ಣ ಮನುಷ್ಯರ ಮನಸ್ಸಿನ ಪುಸ್ತಕ ಓದುತ್ತಿದ್ದ, ಮೇಜು ಬಾಗಿಲಿಗೆ ಹತ್ತಿರ, ಟಣ್ ಎಂದಾಗಲೆಲ್ಲ ತಲೆ ಎತ್ತದೆ, ಪುಟದಿಂದ ಕಣ್ಣು ಕೀಳದೆ, ಎಡಗೈ ಚಾಚಿ ಬೆರಳು ಅಗಲಿಸಿ ಅಂಗೈಯಿಂದ ಬಾಗಿಲು ತಳ್ಳುತ್ತಿದ್ದ, ಬಾಗಿಲು ಬಂದು ಚೌಕಟ್ಟಿಗೆ ತಾಗುತ್ತಿತ್ತು, ಟಣ್, ಅಂಗೈ, ಬಾಗಿಲು, ಟಣ್, ಅಂಗೈ, ಬಾಗಿಲು, ಗುಬ್ಬಿ ಮಂಚದ ಪಕ್ಕದಿಂದ ಆ ಕೈಯನ್ನಷ್ಟೇ ನೋಡುತ್ತಿದ್ದಳು, ಮುಖ ಕಾಣಿಸುತ್ತಿರಲಿಲ್ಲ. ಒಂದು ದಿನ ಎದ್ದೇ ಬಂದ. ಗುಬ್ಬೀ, ಈ ಸದ್ದಿನಲ್ಲಿ ಹೇಗೇ ಓದೋದು, ಪರೀಕ್ಷೆ ನನಗೋ ಇವಳಿಗೋ. ಅಮ್ಮ ಕೈ ಚೆನ್ನಾಗಿದ್ದಾಗ ಅವನಿಗೇ ಹೆಣೆಯುತ್ತಿದ್ದ ಸ್ವೆಟರು ಅರ್ಧಕ್ಕೆ ನಿಂತಿತ್ತು, ಬುಟ್ಟಿಯಲ್ಲಿ ನೀಲಿ ಉಣ್ಣೆಯ ಉಂಡೆ, ಅದರಿಂದ ಎಳೆ ಹಿರಿದು, ಅಮ್ಮನ ಬೆರಳು ಬಿಡಿಸಿ ಚಮಚ ತೆಗೆದುಕೊಂಡು, ಬಾಯಿಗಿಡುವ ತುದಿಗೆ ಸುತ್ತಿ ಸುತ್ತಿ ದಪ್ಪ ಮಾಡಿ, ಗಂಟು ಹಾಕಿ, ಹಲ್ಲಿನಿಂದ ಎಳೆ ಕಡಿದು, ಮತ್ತೆ ಅವಳ ಕೈಗೇ ಇಟ್ಟ. ನೋಡಮ್ಮಾ, ಈಗ ಎಷ್ಟು ಬೇಕಾದರೂ ಹೊಡ್ಕೋ. ಅಮ್ಮ ಹೊಡೆದು ನೋಡಿದಳು. ತುಪ್. ಚಮಚ ನೋಡಿದಳು, ಅಣ್ಣನನ್ನು ನೋಡಿದಳು. ತುಪ್.

ಅದಾದ ಮೇಲೆ ಗುಬ್ಬಿ ಕಿವಿಯಿಂದಲ್ಲ, ಕಣ್ಣಿನಿಂದ ಕೇಳಬೇಕಾಯಿತು, ಅಮ್ಮನ ಎದುರು ಇದ್ದರೆ ಗೊತ್ತಾಗುತ್ತದೆ, ಬೆನ್ನು ತಿರುಗಿಸಿದರೆ ಇಲ್ಲ, ಒಲೆಯ ಹತ್ತಿರ ಹೋದರೆ ಹತ್ತು ಸಲ ಹಿಂದೆ ಬಂದು ನೋಡಿ ಹೋಗಬೇಕು. ಉಣ್ಣೆ ಬಿಚ್ಚಲಿಲ್ಲವೇ, ಬಿಚ್ಚಿದ್ದಳು, ಅಣ್ಣ ಮತ್ತೆ ಸುತ್ತಿದ, ಮತ್ತೆ ಬಿಚ್ಚಿದರೆ ಚಮಚಾನೇ ಎಸೀತೀನಿ ನೋಡು ಎಂದ. ಆ ಮಧ್ಯಾಹ್ನ ಔಷಧಿ ಅಂಗಡಿಯಲ್ಲಿ ಜನ, ಅಣ್ಣಾ ಸ್ವಲ್ಪ ಅಮ್ಮನ್ನ ನೋಡ್ಕೋ ಎಂದು ಹೇಳಿಯೇ ಹೋಗಿದ್ದಳು, ಹ್ಞೂಂ ಎಂದಿದ್ದ, ತಿರುಗಿ ಬಂದಾಗ ಅವನ ಬಾಗಿಲು ಮುಚ್ಚಿತ್ತು, ಅಮ್ಮನ ಕಣ್ಣು ತೆರೆದಿತ್ತು, ಚಮಚ ಕೈಯಲ್ಲೇ ಇತ್ತು. ಮಲಗಿದ್ದಳು ಅಂದುಕೊಂಡೆ ಗುಬ್ಬೀ, ಒಂದು ಸದ್ದೂ ಬರಲಿಲ್ಲ ಕಣೇ — ಎಲ್ಲಿಂದ ಬರಬೇಕು ಸದ್ದು, ಬಂದವರಿಗೆಲ್ಲ ಅದನ್ನೇ ಹೇಳಿದ, ನಿದ್ದೆಯಲ್ಲೇ ಹೋದಳು, ಪುಣ್ಯವಂತೆ, ಎಲ್ಲರೂ ತಲೆ ಆಡಿಸಿದರು. ಮಂಚ ಹೊರಗೆ ಸಾಗಿಸುವಾಗ ಗುಬ್ಬಿ ಕಂಡಳು, ಕಂಬಿಯ ಮೇಲೆ, ಬಣ್ಣ ಹೋಗಿ ಒರಟಾದ ಕಡೆ, ನೀಲಿ ಉಣ್ಣೆಯ ಜುಂಗು, ಒಂದೆರಡು ಎಳೆಯಲ್ಲ, ಕಚ್ಚಿ ಕಚ್ಚಿ ಅಂಟಿಕೊಂಡು ಹಕ್ಕಿ ಗೂಡಿನಂತೆ ಕಟ್ಟಿತ್ತು, ಎಷ್ಟು ಹೊಡೆದಿರಬೇಕು, ಎಷ್ಟು ಹೊತ್ತು, ಒಂದೋ ಎರಡೋ ಮೂರೋ, ನೀರೋ, ಮಗ್ಗುಲೋ, ಅಥವಾ — ತುಪ್, ತುಪ್, ತುಪ್, ಗೋಡೆಯ ಆಚೆ ಹೆತ್ತ ಮಗ, ನಡುವೆ ಆ ಬಾಗಿಲು. ಚಮಚವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಯಾರೂ ಕೇಳಲಿಲ್ಲ, ಒಂದು ಚಮಚ ಕಡಿಮೆಯಾದದ್ದು ಯಾರಿಗೆ ತಿಳಿಯುತ್ತದೆ. ಆಮೇಲೆ ಅಣ್ಣ ಪಾಸಾದ, ಮದುವೆಯಾದ, ಹೆಸರಾದ, ಗುಬ್ಬಿಗೆ ಹಿಂದಿನ ಕೋಣೆ ಕೊಟ್ಟ, ಒಂದು ದಿನ ಊಟ ಬಡಿಸುವಾಗ ಏನೋ ಮಾತಿಗೆ ಅಮ್ಮನ ಮೂರು ಹೊಡೆತದ ಅರ್ಥ ಇವಳು ಬಾಯಿ ಬಿಟ್ಟು ಹೇಳಿದಳು, ಹೇಳಬಾರದಿತ್ತು, ಮುಂದಿನ ಕೂಟದಲ್ಲಿ ಟೀ ಹಿಡಿದು ಬಾಗಿಲಿಗೆ ಬಂದರೆ ಅಣ್ಣನ ಜೇನು ಗಂಟಲು, ನಮ್ಮಮ್ಮ ಮಾತು ಕಳ್ಕೊಂಡಾಗ ನಾನು ಅವಳ ಹತ್ತಿರ ಕೂತು ಒಂದು ಭಾಷೆ ಕಲಿತೆ, ಒಂದು ಹೊಡೆತ ನೀರು, ಎರಡು ಮಗ್ಗುಲು, ಮೂರು ಅಂದರೆ ಏನೂ ಬೇಡ, ಸುಮ್ಮನೆ ಬಂದು ಕೂತಿರು, ನನ್ನ ವಿದ್ಯೆಯೆಲ್ಲ ಆ ಮೂರು ಹೊಡೆತದಲ್ಲಿದೆ. ಜನ ಕಣ್ಣೊರೆಸಿಕೊಂಡರು. ಲೋಟಗಳು ಟ್ರೇಯಲ್ಲಿ ಒಂದಕ್ಕೊಂದು ತಾಗಿ ಗಲಗಲ ಎಂದವು, ಗುಬ್ಬೀ ನಿಧಾನ ಎಂದು ಅತ್ತಿಗೆ ಪಿಸುಗುಟ್ಟಿದಳು. ಅಂದಿನಿಂದ ಅದು ಅವನ ಕಥೆ, ಬಂದವರಿಗೆಲ್ಲ ಗೊತ್ತು, ಉಣ್ಣೆ ಒಂದನ್ನು ಬಿಟ್ಟು.

ಚಪ್ಪಲಿಗಳು ಬಾಗಿಲ ಹೊರಗೆ ಸಾಲಾಗುತ್ತಿವೆ, ಬಂದರು, ಕನ್ನಡಕದಂಗಡಿಯವನು ಮೊದಲು, ಯಾವಾಗಲೂ ಅವನೇ ಮೊದಲು, ಬಂದು ಮೂಲೆಯಲ್ಲಿ ಕೂತು ತನ್ನ ಕನ್ನಡಕ ತೆಗೆದು ಒರೆಸುತ್ತಾನೆ, ಎಷ್ಟು ಕೂಟಕ್ಕೆ ಬಂದರೂ ಒಂದು ಮಾತು ಆಡಿದವನಲ್ಲ, ಅವನನ್ನು ಕಂಡರೆ ಗುಬ್ಬಿಗೆ ಸುಮ್ಮನೆ ಒಂದು ಸಲಿಗೆ, ಅವನ ಲೋಟಕ್ಕೆ ಸಕ್ಕರೆ ಅರ್ಧ ಚಮಚ ಹೆಚ್ಚು — ಅತ್ತಿಗೆ ಬಾಗಿಲು ಮುಚ್ಚುತ್ತಾಳೆ, ಮೇಡಂ ಬಂದಾಗಿದೆ, ಸಣ್ಣ ಮೈ, ಕಿವಿಯಲ್ಲಿ ಕೇಳುವ ಯಂತ್ರ, ಒಳ್ಳೆಯ ಕುರ್ಚಿ ಬೇಡ ಎಂದು ನೆಲದ ದಿಂಬಿನ ಮೇಲೇ ಕೂತರು, ಏನಪ್ಪಾ, ನಾನಿಲ್ಲ ಅಂದ್ಕೊಂಡು ನಡೆಸು, ಪರೀಕ್ಷೆಗೆ ಬಂದವಳ ಹಾಗೆ ನೋಡ್ಬೇಡ ನನ್ನ, ಎಲ್ಲರೂ ನಕ್ಕರು, ಅಣ್ಣ ಸ್ವಲ್ಪ ಹೆಚ್ಚೇ ನಕ್ಕ. ಗುಬ್ಬಿ ಟ್ರೇ ತಂದು ಅವನ ಮುಂದಿಟ್ಟಳು, ಹಿಂದೆ ಸರಿದು ಗೋಡೆಗೆ ಒರಗಿ ಕೂತಳು, ಹಿಂದಿನ ಕೋಣೆಯಲ್ಲಿ ತನ್ನ ಮಂಚದ ಕೆಳಗೆ ಬಟ್ಟೆಯ ಗಂಟು ಕಟ್ಟಿಟ್ಟು ಬಂದಿದ್ದಾಳೆ, ಮನೆ ಬಿಡು ಎಂದರೆ ಬಿಟ್ಟೇ ಹೋಗುವುದು, ಎಲ್ಲಿಗೆ ಎಂದು ಆಮೇಲೆ ನೋಡಿದರಾಯಿತು, ಎತ್ತು, ವಸ್ತ್ರ ಎತ್ತು ಅಣ್ಣಾ. ಎತ್ತಿದ. ಕೈ ನಿಂತಿತು. ಗೊತ್ತಾಯಿತು, ಗೊತ್ತಾಯಿತು ಅವನಿಗೆ, ಕಿವಿಯ ತುದಿ ಕೆಂಪಾಗುತ್ತಿದೆ, ಚಿಕ್ಕಂದಿನಿಂದ ಹಾಗೇ, ಸಿಕ್ಕಿಬಿದ್ದರೆ ಮೊದಲು ಕಿವಿ — ಈಗ ಹೇಳು, ಜೊತೆಗಾರ, ಈಗ ಹೇಳು — ಅವನು ಗುಬ್ಬಿಯ ಕಡೆ ನೋಡಲಿಲ್ಲ, ಚಮಚ ಎತ್ತಿ ಬಟ್ಟಲಿಗೆ ಹೊಡೆದ. ತುಪ್. ಕಣ್ಣು ಮುಚ್ಚಿ ಕೂತ ಅಷ್ಟೂ ಜನ ಸದ್ದಿಗಾಗಿ ಕಾದರು. ಕೇಳಿಸಲಿಲ್ಲ ಅಲ್ವಾ, ಎಂದ ಅಣ್ಣ, ಜೇನು ಒಂದು ಹನಿಯೂ ಕಡಿಮೆಯಾಗಿಲ್ಲ, ಇವತ್ತು ಕೇಳಿಸದೇ ಇರೋದನ್ನ ಕೇಳೋಣ.

ಕದ್ದ. ಇದನ್ನೂ ಕದ್ದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಕೊಂಡ. ಏನಪ್ಪಾ ಅದು, ಉಣ್ಣೇನಾ, ಮೇಡಂ ಕೈ ಚಾಚಿದರು, ಅಣ್ಣ ಕೊಡಲೋ ಬೇಡವೋ ಎಂಬಂತೆ ಕೊಟ್ಟ, ನಮ್ಮಮ್ಮನದು ಮೇಡಂ, ನಾನು ಹೇಳ್ತಿರ್ತೀನಲ್ಲ, ಅದೇ ಚಮಚ, ಸ್ಟೀಲು ತಣ್ಣಗೆ ಕೊರೆಯುತ್ತೆ, ಪಾಪ ಅವಳ ಕೈಗೆ ಬೆಚ್ಚಗಿರಲಿ ಅಂತ ನಾನೇ ಸುತ್ತಿದ್ದೆ. ಅಯ್ಯೋ ಎಂದರು ಯಾರೋ, ಎಂಥಾ ಮಗ ಎಂದರು ಇನ್ಯಾರೋ, ಅತ್ತಿಗೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಪಾಪ ಅತ್ತಿಗೆಗೆ ಏನು ಗೊತ್ತು. ಬೆಚ್ಚಗಿರಲಿ ಅಂತ. ಬೆಚ್ಚಗಿರಲಿ ಅಂತ. ಮೇಡಂ ಚಮಚವನ್ನು ಒಂದು ಸಲ ನೋಡಿದರು, ತಿರುಗಿಸಿ ಇನ್ನೊಂದು ಸಲ ನೋಡಿದರು, ಹಿಡಿಯ ಮೇಲೆ ಬೆರಳಾಡಿಸಿದರು, ಹಿಡಿ ಬೋಳು, ಉಣ್ಣೆ ಇರುವುದು ಆ ಕಡೆ, ಏನೋ ಕೇಳಲು ಬಾಯಿ ತೆರೆದವರು ಕೇಳದೆ ಪಕ್ಕದವರಿಗೆ ದಾಟಿಸಿದರು, ಚಮಚ ವೃತ್ತ ಸುತ್ತುತ್ತಿದೆ, ಒಬ್ಬರು ಕಣ್ಣಿಗೊತ್ತಿಕೊಂಡರು, ಒಬ್ಬರು ಕೆನ್ನೆಗೆ, ಅಮ್ಮನ ಬೆವರು ತಾಗಿದ ಚಮಚ, ಅಮ್ಮನ ಕೊನೆಯ ಹೊಡೆತ ನುಂಗಿದ ಉಣ್ಣೆ, ಕೈಯಿಂದ ಕೈಗೆ, ಕೈಯಿಂದ ಕೈಗೆ, ಕೊನೆಗೆ ವೃತ್ತದ ಹೊರಗೆ ಗೋಡೆಗೆ ಒರಗಿ ಕೂತ ಗುಬ್ಬಿಯ ಕೈಗೇ ಬಂದು ನಿಂತಿತು, ಯಾರೂ ವಾಪಸು ಕೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಕನ್ನಡಕದಂಗಡಿಯವನು ಮಾತಾಡಲು ಶುರುಮಾಡಿದ್ದ.

ಸರ್, ನಾನೂ ಒಂದು ಹೇಳ್ಬಹುದಾ — ಎಲ್ಲರೂ ಅವನ ಕಡೆ ತಿರುಗಿದರು — ನಮ್ಮಮ್ಮ ಫೋನ್ ಮಾಡಿದ್ದರು ಸರ್, ಅಂಗಡೀಲಿ ಗಿರಾಕಿ ಇದ್ದರು, ನೋಡಿದೆ, ಅಮ್ಮ ಅಂತ ಬಂತು, ದಿನಾ ಮಾಡ್ತಾರೆ, ಉಂಡೆಯಾ ಅಂತ ಕೇಳೋಕೆ, ಆಮೇಲೆ ಮಾಡೋಣ ಅಂತ ಸದ್ದು ಆರಿಸಿ ಕೌಂಟರ್ ಮೇಲೆ ಬೋರಲು ಹಾಕಿದೆ. ಅಷ್ಟೇ ಹೇಳಿದ. ಮುಂದೆ ಏನಾಯಿತೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಅಣ್ಣ ಮೆಲ್ಲಗೆ, ಅಮ್ಮನ ಜೊತೆ ಮಾತಾಡ್ತೀರಾ ಎಂದ, ಕಬ್ಬಿಣದ ಕುರ್ಚಿ ತೋರಿಸಿದ, ಯಾರು ಕೂರಲಿ, ನೀವೇ ಆರಿಸಿ. ಅವನು ವೃತ್ತವನ್ನೆಲ್ಲ ನೋಡಿ ಬಂದು ಗೋಡೆಯ ಹತ್ತಿರ, ಗುಬ್ಬಿಯ ಎದುರು ನಿಂತ. ಇವರು, ಎಂದ. ಅವಳಾ, ಅಣ್ಣನ ಕಿವಿ ಮತ್ತೆ ಕೆಂಪು, ಅವಳು ನಮ್ಮ ಗುಬ್ಬಿ, ನನ್ನ ತಂಗಿ, ಅವಳಿಗೆ ಇದೆಲ್ಲ ತಿಳಿಯಲ್ಲ, ಮಾತೇ ಆಡಲ್ಲ — ಮಾತು ಯಾಕಪ್ಪಾ ಬೇಕು, ಎಂದರು ಮೇಡಂ, ವಾಸಿ ಮಾಡೋದು ಮಾತಲ್ಲ ಅಂತ ನೀನೇ ಹೇಳ್ತೀಯಲ್ಲ, ಬಾಮ್ಮಾ, ಕೂತ್ಕೋ ಬಾ. ಕಾಲು ತಾವಾಗಿ ಎದ್ದವು, ಇಷ್ಟು ಕಣ್ಣು ಒಟ್ಟಿಗೆ ತನ್ನ ಮೇಲೆ ಬಿದ್ದದ್ದು ಎಂದಿಗೂ ಇಲ್ಲ, ಮೈಯೆಲ್ಲ ಮುದುಡಿ ಸಣ್ಣದಾಗಬೇಕು ಎನ್ನಿಸಿತು, ಕುರ್ಚಿಯಲ್ಲಿ ಕೂತಳು, ತೊಡೆಯ ಹಿಂದೆ ಅದೇ ಕಂಬಿ, ಅದೇ ಜಾಗ, ಆದರೆ ಈಗ ಇವಳು ಮಂಚದ ಪಕ್ಕ ಕೂತವಳಲ್ಲ, ಮಂಚದ ಮೇಲಿರುವವಳು — ಎದುರಿಗೆ ಅವನು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ, ಅಮ್ಮಾ, ನೋಡಿದ್ದೆ ಅಮ್ಮಾ, ನಿಂದೇ ಅಂತ ಗೊತ್ತಿತ್ತು, ಎತ್ತಲಿಲ್ಲ.

ಮಡಿಲಲ್ಲಿ ಚಮಚ, ಬೆರಳು ಆಗಲೇ ಗಂಟು ಹುಡುಕುತ್ತಿವೆ, ಅಣ್ಣ ಹಾಕಿದ ಗಂಟು, ಉಗುರು ಸಿಕ್ಕಿಸಿದಳು, ಸಡಿಲವಾಯಿತು, ಇವನು ಮಾತಾಡುತ್ತಲೇ ಇದ್ದಾನೆ, ಏನು ಕೇಳ್ಬೇಕು ಅಂತ ಮಾಡಿದ್ದೆ ಅಮ್ಮಾ, ಉಂಡೆಯಾ ಅಂತಾನಾ, ಬೇರೆ ಏನಾದ್ರೂನಾ, ಗೊತ್ತೇ ಆಗಲ್ಲ ನನಗೆ ಇನ್ನು — ನೀರೋ, ಮಗ್ಗುಲೋ, ಅದೇ, ಅದೇ ಪ್ರಶ್ನೆ ಇವನದೂ — ನೀಲಿ ಎಳೆ ಸುತ್ತು ಸುತ್ತಾಗಿ ಬಿಚ್ಚಿ ಕಾಲ ಬಳಿ ಬೀಳುತ್ತಿದೆ, ಪಾಪದವನು, ಇವನ ದುಃಖವನ್ನು ಅಡ್ಡ ಇಟ್ಟುಕೊಂಡು ಅಣ್ಣನಿಗೆ ಕಲ್ಲು ಬೀಸುವುದೇ, ಬೀಸುತ್ತೇನೆ, ಈ ಗಳಿಗೆ ಮತ್ತೆ ಸಿಗುವುದಿಲ್ಲ, ಕೊನೆಯ ಸುತ್ತು ಅಂಟಿಕೊಂಡಿದೆ, ಎಳೆದಳು, ಬಂತು, ಸ್ಟೀಲು, ಬರಿಯ ಸ್ಟೀಲು, ಅಮ್ಮಾ ನಿನ್ನ ಬಾಯಿ ಬಿಚ್ಚಿದ್ದೇನೆ ನೋಡು. ಎಡಗೈಗೆ ತೆಗೆದುಕೊಂಡಳು, ಅಮ್ಮನ ಕೈ ಅದು, ಕುರ್ಚಿಯ ಕಂಬಿಗೆ ಎತ್ತಿ ಹೊಡೆದಳು. ಟಣ್. ಅತ್ತಿಗೆಯ ಭುಜ ಹಾರಿತು. ಟಣ್. ಮೇಡಂ ಕಿವಿಯ ಯಂತ್ರದ ಮೇಲೆ ಬೆರಳಿಟ್ಟರು. ಟಣ್. ಮೂರು. ಮೂರರ ಅರ್ಥ ಇಲ್ಲಿ ಎಲ್ಲರಿಗೂ ಗೊತ್ತು, ಜೇನು ಗಂಟಲೇ ಕಲಿಸಿದೆ, ಕನ್ನಡಕದಂಗಡಿಯವನು ಅವಳ ಮುಖವನ್ನು ನೋಡಿದ, ಏನೂ ಬೇಡ್ವಾ ಅಮ್ಮಾ, ಸುಮ್ಮನೆ ಬರ್ಲಾ, ದಿಂಬಿನಿಂದ ಜಾರಿ ಮೊಣಕಾಲಲ್ಲೇ ಬಂದು ಅವಳ ಮಂಡಿಗೆ ತಲೆ ಒರಗಿಸಿದ, ಅಳು ಕಿತ್ತುಕೊಂಡು ಬಂತು, ಲಂಗ ಒದ್ದೆ, ಬೆಚ್ಚಗೆ, ಇದಕ್ಕೆ ಬಂದವಳಲ್ಲ ನಾನು, ಇದು ನನಗೆ ಬೇಡವಾಗಿತ್ತು, ಆದರೆ ಬಲಗೈ ಅವನ ತಲೆಯ ಮೇಲೆ ಹೋಗಿದೆ, ಎಡಗೈ ನಿಲ್ಲುತ್ತಿಲ್ಲ, ಟಣ್, ಕಣ್ಣು ಇವನ ಮೇಲಿಲ್ಲ, ಅಲ್ಲಿ, ಅಲ್ಲಿದೆ, ಟಣ್ — ಅಣ್ಣ ಎದ್ದಿದ್ದಾನೆ. ಎದ್ದದ್ದು ಅವನಿಗೇ ಗೊತ್ತಿಲ್ಲ. ತಲೆ ತಗ್ಗಿಸಿಕೊಂಡೇ, ಯಾರನ್ನೂ ನೋಡದೆ, ಪುಟ ಮುಗಿಸಬೇಕಾದವನ ಹಾಗೆ ಹಣೆ ಗಂಟು ಹಾಕಿಕೊಂಡು ಬಾಗಿಲ ಕಡೆ ಹೋಗಿ ಎಡಗೈ ಚಾಚಿದ್ದಾನೆ. ಯಾಕಪ್ಪಾ ಎದ್ದೆ, ಮೇಡಂ ಕೇಳುತ್ತಿದ್ದಾರೆ, ಬಾಗಿಲು ಮುಚ್ಚೇ ಇದೆಯಲ್ಲ. ಅವನಿಗೆ ಕೇಳಿಸಲಿಲ್ಲ. ಟಣ್. ಅಗಲಿಸಿದ ಬೆರಳು, ಅಂಗೈ, ಬಾಗಿಲು. ಟಣ್. ಮುಚ್ಚಿದ ಬಾಗಿಲು, ಅದನ್ನು ಮತ್ತೂ ತಳ್ಳುತ್ತಿರುವ ಅಂಗೈ. ಟಣ್. ಆ ಅಂಗೈ —